ಚಿಕ್ಕಪ್ಪ ಕೇಳಿದ ಪುರಾವೆ

ನನ್ನ ಚಿಕ್ಕಪ್ಪ ಲಿಫ್ಟ್ ರಿಪೇರಿಯವರು. ಊರಿನ ಅರ್ಧ ಜನ ಮೇಲೆ ಹೋಗುವುದು ತಮ್ಮ ಕೈಯಲ್ಲಿದೆ ಎಂದು ಹೊಸಬರ ಮುಂದೆ ಹೇಳಿಕೊಳ್ಳುವುದು ಅವರ ಹಳೆಯ ಚಪಲ. "ಅದನ್ನ ಅಷ್ಟು ಜೋರಾಗಿ ಹೇಳ್ಬೇಡಿ, ಕೇಳಿದವರು ಮೆಟ್ಟಿಲು ಹತ್ಕೊಂಡೇ ಹೋಗ್ತಾರೆ" ಎಂದು ಚಿಕ್ಕಮ್ಮ ಪ್ರತಿ ಸಲವೂ ಹೇಳುತ್ತಾರೆ. ಅವರಿಬ್ಬರಿಗೂ ಈ ಜೋಕು ಇನ್ನೂ ಹಳಸಿಲ್ಲ. ನನಗೆ ಯಾವತ್ತೋ ಹಳಸಿದೆ.

ಅವರ ಕೆಲಸವನ್ನು ನಾನು ಕಣ್ಣಾರೆ ನೋಡಿದ್ದೇನೆ. ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ, ಬಾವಿಯಂಥ ಕತ್ತಲಲ್ಲಿ, ಹಣೆಗೆ ದೀಪ ಕಟ್ಟಿಕೊಂಡು ಕೂರುತ್ತಾರೆ. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು, ಒಂದು ಮಹಡಿ ಮೇಲಕ್ಕೆ, ಒಂದು ಮಹಡಿ ಕೆಳಕ್ಕೆ ಓಡಿಸಿ, ಎಲ್ಲಿ ಕಿರುಗುಟ್ಟುತ್ತದೆ ಎಂದು ಮೈಯೆಲ್ಲ ಕಿವಿಯಾಗಿ ಕೇಳುತ್ತಾರೆ. ಈ ಕಸುಬಿನಿಂದ ಅವರಿಗೆ ಎರಡು ಅಂಟಿಕೊಂಡಿವೆ. ಒಂದು, ಎಷ್ಟು ಸೋಪು ತಿಕ್ಕಿದರೂ ಹೋಗದ ಗ್ರೀಸಿನ ವಾಸನೆ. ಇನ್ನೊಂದು, ಯಾರ ಮಾತನ್ನೂ ನಂಬದ ಬುದ್ಧಿ.

ಲಿಫ್ಟ್ ಕೆಟ್ಟಾಗ ಜನ ನಿಜ ಹೇಳುವುದಿಲ್ಲವಂತೆ. "ಏನೂ ಮಾಡಿಲ್ಲ, ತಾನಾಗೇ ನಿಂತುಹೋಯ್ತು" ಎಂದು ಎಲ್ಲರೂ ಹೇಳುತ್ತಾರೆ. ಹೋಗಿ ನೋಡಿದರೆ ಬಾಗಿಲ ಸಂದಿಯಲ್ಲಿ ಸೋಫಾದ ಕಾಲು ಮುರಿದು ಕೂತಿರುತ್ತದೆ. ಹೀಗೆ ವರ್ಷಗಟ್ಟಲೆ ಕಂಡು ಕಂಡು ಚಿಕ್ಕಪ್ಪನ ಬಾಯಲ್ಲಿ "ಪುರಾವೆ?" ಎಂಬ ಒಂದು ಪದ ಬೇರು ಬಿಟ್ಟಿದೆ. ಹಾಲು ಕೆಟ್ಟಿದೆ ಎಂದರೆ ಪುರಾವೆ. ಹೊರಗೆ ಚಳಿ ಎಂದರೆ ಪುರಾವೆ. ಚಿಕ್ಕಮ್ಮ ನಗರಸಭೆಯ ಕೊಳದಲ್ಲಿ ಈಜು ಕಲಿಸುತ್ತಾರೆ. ಮೊದಲ ಭೇಟಿಯಲ್ಲಿ ಹಾಗೆಂದು ಹೇಳಿದಾಗಲೂ ಈ ಮಹಾನುಭಾವರು ಪುರಾವೆ ಕೇಳಿದರಂತೆ. ಚಿಕ್ಕಮ್ಮ ಹಿಂದುಮುಂದು ನೋಡದೆ ಅವರನ್ನು ಬಟ್ಟೆಬರೆ ಸಮೇತ ಕೊಳಕ್ಕೆ ತಳ್ಳಿ, ಆಮೇಲೆ ಧುಮುಕಿ ಎಳೆದು ತಂದರು. ಮದುವೆಯಾಗಿದ್ದು ಆ ಮೇಲೆ.

ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ಸಿಕ್ಕಿದಾಗ ನಾನು ಇವರ ಮನೆ ಸೇರಿದೆ. ಒಂದು ವಾರಕ್ಕೆಂದು ಬಂದವಳು ಇನ್ನೂ ಇಲ್ಲೇ ಇದ್ದೇನೆ. ಬಂದ ದಿನವೇ ಗೊತ್ತಾಗಿದ್ದು, ಈ ಮನೆಯಲ್ಲಿ ಊಟದ ಮೇಜಿನ ಮೇಲೆ ಊಟ ಮಾಡುವಂತಿಲ್ಲ. ಅದರ ತುಂಬ ಟ್ಯಾಂಕುಗಳು, ಜೀಪುಗಳು, ಅರ್ಧ ಬಣ್ಣ ಬಳಿದ ಫಿರಂಗಿಗಳು. ಎಲ್ಲವೂ ಪ್ಲಾಸ್ಟಿಕ್ಕಿನವು, ಅಂಗೈಯಗಲದವು. ಚಿಕ್ಕಪ್ಪನಿಗೆ ಮಾದರಿ ಕಟ್ಟುವ ಹುಚ್ಚು. ನಾವು ಮೂವರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಟಿನ ವಾಸನೆ ಕುಡಿಯುತ್ತ ಉಣ್ಣುತ್ತೇವೆ. ಯುದ್ಧ ಎಂಬ ಮಾತು ಕೇಳಿದರೆ ಟಿವಿ ಆರಿಸುವ ಮನುಷ್ಯನಿಗೆ ಯುದ್ಧದ ಗಾಡಿಗಳೇ ಏಕೆ ಎಂದು ಕೇಳಿದ್ದೆ. "ಭಾರದ ವಸ್ತು ಹಗುರಾಗಿ ಓಡಾಡೋದು ನೋಡೋಕೆ ಚೆಂದ" ಎಂದಿದ್ದರು. ಲಿಫ್ಟಿನವರ ಉತ್ತರ.

ಇಂಥ ಹುಚ್ಚರದೇ ಒಂದು ಗುಂಪು ಇಂಟರ್ನೆಟ್ಟಿನಲ್ಲಿತ್ತು. ಅದರ ಯಜಮಾನಿಕೆ ಚಿಕ್ಕಪ್ಪನದು. ಅಲ್ಲಿ ಅವರ ಹೆಸರು ಲಿಫ್ಟಣ್ಣ. ಹಡಗು ಬಿಟ್ಟು ಬೇರೇನೂ ಕಟ್ಟದ ನಿವೃತ್ತ ಉಪಾಧ್ಯಾಯರೊಬ್ಬರು ಹಡಗು ಮೇಷ್ಟ್ರು. ಗುಂಪಿನ ಜಾಲತಾಣವನ್ನು ಕಟ್ಟಿಕೊಟ್ಟದ್ದು ಮೇಷ್ಟ್ರ ಅಳಿಯ. ಆ ತಾಣದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಒಂದೇ ಕಾನೂನು: ಬಾಯಿಮಾತು ನಡೆಯುವುದಿಲ್ಲ, ಪುರಾವೆ ಇರಲಿ. ಯಾರಾದರೂ ಒಂದು ಮೊಳೆ ಇರುವುದು ಅಲ್ಲಿ ಅಲ್ಲ, ಇಲ್ಲಿ ಎಂದರೆ ಹಳೇ ಪತ್ರಿಕೆಯ ಚಿತ್ರ ತೋರಿಸಬೇಕು, ಇಲ್ಲವೇ ಮ್ಯೂಸಿಯಮ್ಮಿಗೆ ಹೋಗಿ ಅಳೆದು ಬರಬೇಕು. ಹಡಗು ಮೇಷ್ಟ್ರು ಒಮ್ಮೆ ಮ್ಯೂಸಿಯಮ್ಮಿನ ಲಂಗರನ್ನು ತಮ್ಮ ಕೊಡೆಯಿಂದ ಅಳೆಯಲು ಹೋಗಿ ಕಾವಲುಗಾರನ ಕೈಗೆ ಸಿಕ್ಕಿಬಿದ್ದಿದ್ದರು. ಆ ಕಥೆ ಗುಂಪಿನಲ್ಲಿ ತಿಂಗಳುಗಟ್ಟಲೆ ಓಡಿತು.

ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು ಬೋಲ್ಟು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು, ಸೇನೆಯ ವರ್ಕ್‌ಶಾಪಿನಲ್ಲಿ ನಿಜವಾದ ಟ್ಯಾಂಕುಗಳನ್ನು ರಿಪೇರಿ ಮಾಡುವ ಸಿಪಾಯಿ. ಕೆಲಸ ಮುಗಿದ ಮೇಲೆ ಬ್ಯಾರಕ್ಕಿನಲ್ಲಿ ಅವನಿಗೆ ಮಾಡಲು ಏನೂ ಇಲ್ಲ, ಮನೆ ದೂರ. ಹಗಲೆಲ್ಲ ದೊಡ್ಡ ಟ್ಯಾಂಕು ಬಿಚ್ಚಿ, ಸಂಜೆ ಮಂಚದ ಮೇಲೆ ಕೂತು ಚಿಕ್ಕ ಟ್ಯಾಂಕು ಕಟ್ಟುತ್ತಿದ್ದ. ಅಂಟು ಜಾಸ್ತಿಯಾಗಿ ಎಲ್ಲವೂ ಹಲ್ವದಂತೆ ಮೆತ್ತಗಾಗುತ್ತಿದ್ದ ಕಾಲದಲ್ಲಿ ಕಡ್ಡಿಯ ತುದಿಯಿಂದ ಅಂಟು ಮುಟ್ಟಿಸುವುದನ್ನು ಕಲಿಸಿದ್ದು ಚಿಕ್ಕಪ್ಪ. ಅವನಿಗೆ ಚಿಕ್ಕಪ್ಪನೆಂದರೆ ಪ್ರಾಣ. ಚಿಕ್ಕಪ್ಪನಿಗೂ ಅವನೆಂದರೆ ಅಕ್ಕರೆ, ಆದರೆ ಅವರ ಅಕ್ಕರೆ ಜಗಳದ ರೂಪದಲ್ಲೇ ಬರುವುದು. ಬೆಳಗ್ಗೆ ಹಲ್ಲುಜ್ಜುವಾಗಲೇ ಫೋನು ತೆಗೆದು "ಏನಂತೆ ನಮ್ಮ ಹಾಲುಹಲ್ಲಿನ ಇಂಜಿನಿಯರ್‌ದು?" ಎಂದು ನೋಡುತ್ತಿದ್ದರು.

ಜಗಳ ಶುರುವಾದದ್ದು ಟ್ಯಾಂಕಿನ ತಲೆಯಿಂದ. ಫಿರಂಗಿ ಕೂತಿರುವ ಮೇಲಿನ ಭಾಗವಿದೆಯಲ್ಲ, ಸುತ್ತ ತಿರುಗುವುದು, ಅದಕ್ಕೆ ನಮ್ಮ ಮನೆಯಲ್ಲಿ ತಲೆ ಎಂದೇ ಹೆಸರು. ಚಿಕ್ಕಪ್ಪ ಆ ಸಲ ಕಟ್ಟಿದ ಟ್ಯಾಂಕಿಗೆ ಒಂದು ಪುಟ್ಟ ಮೋಟಾರು ಕೂರಿಸಿ, ತಲೆ ತಾನಾಗಿ ತಿರುಗುವಂತೆ ಮಾಡಿ, ವಿಡಿಯೊ ತೆಗೆದು ಗುಂಪಿಗೆ ಹಾಕಿದರು. ಎಲ್ಲರೂ ಶಹಬ್ಬಾಸ್ ಎಂದರು. ಬೋಲ್ಟು ಮಾತ್ರ, "ಚೆನ್ನಾಗಿದೆ ಸರ್, ಆದ್ರೆ ನಿಜವಾದ್ದು ಇಷ್ಟು ನಿಧಾನ ತಿರುಗಲ್ಲ" ಎಂದು ಬರೆದ.

ಚಿಕ್ಕಪ್ಪನಿಗೆ ಮೆಣಸಿನಕಾಯಿ ಕಡಿದಂತಾಯಿತು. ಭಾರದ ವಸ್ತುವನ್ನು ಓಡಿಸುವ, ನಿಲ್ಲಿಸುವ ವಿಷಯದಲ್ಲಿ ಅವರಿಗೆ ಯಾರೂ ಎದುರು ಹೇಳಬಾರದು. ಅಷ್ಟು ತೂಕದ್ದನ್ನು ಬೇಗ ತಿರುಗಿಸಿದರೆ ನಿಲ್ಲಿಸುವಾಗ ಹಲ್ಲುಚಕ್ರ ಪುಡಿಯಾಗುತ್ತದೆ ಎಂದು ಅವರು ಉದ್ದಕ್ಕೆ ಬರೆದರು. ಇಲ್ಲ, ಇದು ಒಂದು ಸುತ್ತು ತಿರುಗಲು ಇಷ್ಟೇ ಸೆಕೆಂಡು ತೆಗೆದುಕೊಳ್ಳುತ್ತದೆ ಎಂದು ಅವನು ಬರೆದ. ಎಷ್ಟು ಸೆಕೆಂಡು ಎಂದು ನಾನು ಇಲ್ಲಿ ಹೇಳುವುದಿಲ್ಲ. ಒಂದು ಮನೆಗೆ ಒಂದು ಕೇಸು ಸಾಕು.

ಒಂದು ವಾರ ಇದೇ ರಾಮಾಯಣ. ಚಿಕ್ಕಮ್ಮ ಪಲ್ಯ ಬಡಿಸುವಾಗಲೂ ಚಿಕ್ಕಪ್ಪ ಚಮಚ ತಿರುಗಿಸಿ ತೋರಿಸುತ್ತಿದ್ದರು. "ನಾನು ದಿನಾ ಅದರ ಹೊಟ್ಟೆಯೊಳಗೇ ಇರ್ತೀನಿ ಸರ್, ನನಗೆ ಗೊತ್ತಿಲ್ವಾ?" ಎಂದು ಬೋಲ್ಟು ಕೇಳಿದ್ದ. ಅದಕ್ಕೆ ಚಿಕ್ಕಪ್ಪ, "ಅಡುಗೆಮನೆಯಲ್ಲಿ ಬೆಕ್ಕೂ ಇರುತ್ತೆ ಮರಿ. ಅದಕ್ಕೆ ಅಡುಗೆ ಬರುತ್ತಾ?" ಎಂದು ಬರೆದರು. ಗುಂಪಿನವರೆಲ್ಲ ಬಿದ್ದು ಬಿದ್ದು ನಕ್ಕರು. ಚಿಕ್ಕಪ್ಪ ಅದನ್ನು ನಮಗೆ ಓದಿ ಹೇಳಿದಾಗ ನಾನೂ ನಕ್ಕೆ. ಅವನೊಬ್ಬ ನಗಲಿಲ್ಲವೆಂದು ನಮಗೆ ಹೊಳೆಯಲೇ ಇಲ್ಲ.

ಮರುದಿನ, ಭಾನುವಾರ ಬೆಳಗ್ಗೆ, ಬೋಲ್ಟು ಒಂದು ಫೋಟೊ ಹಾಕಿದ. ಯಾವುದೋ ಪುಸ್ತಕದ ಪುಟ, ಅಲುಗಾಡಿದ ಕೈಯಲ್ಲಿ ತೆಗೆದದ್ದು, ಪೂರ್ತಿ ಮಸುಕು. ಕೆಳಗೆ "ತಗೊಳ್ಳಿ ಸರ್, ಪುರಾವೆ" ಎಂದಿತ್ತು. ಚಿಕ್ಕಪ್ಪ ಕನ್ನಡಕ ಹಣೆಗೇರಿಸಿ, ಇಳಿಸಿ, ಫೋನನ್ನು ಹತ್ತಿರ ತಂದು, ದೂರ ಹಿಡಿದು ನೋಡಿದರು. ಒಂದಕ್ಷರ ತಿಳಿಯಲಿಲ್ಲ. "ಇದು ಪುರಾವೆಯೋ, ಮಂಜಿನಲ್ಲಿ ತೆಗೆದ ಎಮ್ಮೆಯೋ? ಕೈ ನಡುಗಿಸದೆ ಸರಿಯಾಗಿ ತೆಗೆದು ಹಾಕು" ಎಂದು ಬರೆದು, ಮೀಸೆಯಡಿ ನಗುತ್ತ ಸ್ನಾನಕ್ಕೆ ಹೋದರು.

ಅವರು ಬಂದು ತಲೆ ಒರೆಸಿಕೊಳ್ಳುವ ಹೊತ್ತಿಗೆ ಇನ್ನೊಂದು ಫೋಟೊ ಬಂದಿತ್ತು. ಫೋನು ನನ್ನ ಪಕ್ಕದಲ್ಲೇ ಇತ್ತು. ಈ ಸಲ ಕನ್ನಡಿಯಷ್ಟು ಸ್ಪಷ್ಟ. ಹಿಡಿದುಕೊಂಡ ಹೆಬ್ಬೆರಳು, ಉಗುರಿನಡಿಯ ಕಪ್ಪು ಎಣ್ಣೆ, ಎಲ್ಲ ಕಾಣುತ್ತಿತ್ತು. ದಿನವಿಡೀ ಜನರಿಗೆ ಚಿಕ್ಕ ಅಕ್ಷರ ಓದಿಸುವುದೇ ನನ್ನ ಕೆಲಸವಾದ್ದರಿಂದ ಕಣ್ಣು ನೇರವಾಗಿ ಮೂಲೆಯ ಚಿಕ್ಕ ಅಕ್ಷರಕ್ಕೇ ಹೋಯಿತು. ಕೆಂಪು ಮುದ್ರೆ. "ಗೋಪ್ಯ. ಹೊರಗೆ ಒಯ್ಯುವಂತಿಲ್ಲ, ನಕಲು ಮಾಡುವಂತಿಲ್ಲ."

"ಚಿಕ್ಕಪ್ಪ, ಇದರಲ್ಲಿ ಗೋಪ್ಯ ಅಂತಿದೆ."

"ಪುರಾ..." ಎಂದು ಶುರು ಮಾಡಿದವರು ನನ್ನ ಮುಖ ನೋಡಿ ನಿಲ್ಲಿಸಿದರು. ಫೋನು ಕಸಿದುಕೊಂಡು ಆ ಕೆಂಪು ಮುದ್ರೆಯನ್ನು ಒಮ್ಮೆ ನೋಡಿದರು ಅಷ್ಟೇ. ಟವೆಲು ಜಾರಿ ನೆಲಕ್ಕೆ ಬಿತ್ತು, ಎತ್ತಿಕೊಳ್ಳಲಿಲ್ಲ. ಒದ್ದೆ ಬೆರಳಿಗೆ ಫೋನು ಮಾತು ಕೇಳದೆ ಅಂಗಿಗೆ ಒರೆಸಿ ಒರೆಸಿ ಒತ್ತಿದರು. ಮೊದಲು ಆ ಫೋಟೊ ಅಳಿಸಿದರು, ಆಮೇಲೆ ಮಸುಕಾದದ್ದು. ಅದೂ ಸಾಲದೆಂದು ವಾರದಿಂದ ನಡೆದ ಇಡೀ ಜಗಳವನ್ನು, ಬೆಕ್ಕಿನ ಜೋಕು ಸಮೇತ, ಬೇರುಸಹಿತ ಕಿತ್ತು ಹಾಕಿದರು. "ಎಲ್ಲ ಹೋಯ್ತು. ಇನ್ನು ಯಾರಿಗೂ ಏನೂ ಗೊತ್ತಾಗಲ್ಲ" ಎಂದು ಕುರ್ಚಿಯಲ್ಲಿ ಕುಸಿದು ಕೂತರು. ನಾನೂ ಅಬ್ಬ ಎಂದೆ.

ಅಷ್ಟರಲ್ಲೇ ಯಾರೋ ಪುಣ್ಯಾತ್ಮ ಆ ಪುಟವನ್ನು ಇಳಿಸಿಕೊಂಡಾಗಿತ್ತು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಸಂಜೆಯ ಹೊತ್ತಿಗೆ ಅದು ಬೇರೆಲ್ಲೋ ಕಾಣಿಸಿತು, ಮರುದಿನ ಇನ್ನೂ ಹತ್ತು ಕಡೆ. ಪುಟ ಮತ್ತು ಹೆಬ್ಬೆರಳು ಮಾತ್ರ. ಅದರ ಹಿಂದಿನ ಜಗಳ ಇಲ್ಲ, ಟ್ಯಾಂಕಿನ ತಲೆ ಇಲ್ಲ, ಮಂಜಿನ ಎಮ್ಮೆ ಇಲ್ಲ. ಸೇನೆಯ ಪ್ರತಿ ಪುಸ್ತಕಕ್ಕೂ ಒಂದು ಸಂಖ್ಯೆ ಇರುತ್ತದಂತೆ, ಯಾವ ವರ್ಕ್‌ಶಾಪಿನದೆಂದು ಹೇಳುತ್ತದಂತೆ. ಆ ವರ್ಕ್‌ಶಾಪಿನಲ್ಲಿ ಆ ಹೆಬ್ಬೆರಳಿನ ಒಡೆಯನನ್ನು ಹುಡುಕುವುದು ಕಷ್ಟವಾಗಲಿಲ್ಲ. ವಾರ ಕಳೆಯುವುದರೊಳಗೆ ಬೋಲ್ಟುವನ್ನು ಬಂಧಿಸಿದರು.

ಟಿವಿಯಲ್ಲಿ ಟೈ ಕಟ್ಟಿದವರು ಕೂತು ರಹಸ್ಯ ಸೋರಿಕೆ, ಹೊರಗಿನವರ ಕೈವಾಡ, ಇದರ ಹಿಂದೆ ದೊಡ್ಡ ಜಾಲವಿದೆ ಎಂದೆಲ್ಲ ಗಂಟಲು ಹರಿದುಕೊಂಡರು. ದೊಡ್ಡ ಜಾಲ ನಮ್ಮ ಊಟದ ಮೇಜಿನ ಮುಂದೆ ಬನಿಯನ್ನಿನಲ್ಲಿ ಕೂತು, ಮುಚ್ಚಳ ತೆಗೆದ ಅಂಟಿನ ಟ್ಯೂಬು ಹಿಡಿದು ನೋಡುತ್ತಿತ್ತು. "ಸೋರಿದ್ದಲ್ಲ ಅದು. ನಾನು ನಲ್ಲಿ ತಿರುಗಿಸಿದ್ದು" ಎಂದರು ಚಿಕ್ಕಪ್ಪ. ಅಂಟು ಅವರ ಬೆರಳಿನ ಮೇಲೆಯೇ ಒಣಗಿತು.

ಹಡಗು ಮೇಷ್ಟ್ರು ಗುಂಪು ಬಿಟ್ಟರು. ಅವರ ಅಳಿಯ ಜಾಲತಾಣವನ್ನೇ ಮುಚ್ಚಿದ. ಚಿಕ್ಕಪ್ಪ ಒಬ್ಬೊಬ್ಬರಿಗೂ ಫೋನು ಮಾಡಿ, ಜಗಳ ನಡೆದದ್ದು ನಿಜ ಎಂದು ಒಂದು ಮಾತು ಹೇಳಲು ಕೇಳಿಕೊಂಡರು. ಒಬ್ಬರಿಗೆ ನೆನಪಿಲ್ಲ. ಇನ್ನೊಬ್ಬರು ಆ ವಾರ ಊರಲ್ಲೇ ಇರಲಿಲ್ಲ. ಮತ್ತೊಬ್ಬರು ಯಾವ ಟ್ಯಾಂಕು, ಯಾವ ಬೋಲ್ಟು ಎಂದು ಕೇಳಿದರು. ಅವರನ್ನು ಬೈಯಲು ನನಗೆ ಬಾಯಿ ತುರಿಸುತ್ತಿತ್ತು, ಆದರೆ ಅವರಿಗೂ ಹೆಂಡತಿ ಮಕ್ಕಳಿದ್ದಾರೆ.

ಆಮೇಲೆ ಹುಡುಗನ ಪರ ವಕೀಲೆ ನಮ್ಮ ಮನೆಗೆ ಬಂದರು. ಸೇನೆಯವರೇ, ಸಮವಸ್ತ್ರದಲ್ಲಿದ್ದರು. ಚೀಲ ಇಡಲು ಮೇಜಿನ ಮೇಲೆ ಜಾಗ ಹುಡುಕಿ, ಸಿಗದೆ, ತೊಡೆಯ ಮೇಲಿಟ್ಟುಕೊಂಡು ವಿಷಯ ಬಿಡಿಸಿ ಹೇಳಿದರು. ಹುಡುಗ ತಪ್ಪು ಒಪ್ಪಿಕೊಂಡಿದ್ದಾನೆ, ಶಿಕ್ಷೆ ತಪ್ಪುವುದಿಲ್ಲ. ಆದರೆ ಯಾವ ಶಿಕ್ಷೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಬೇಕೆಂದೇ ಹೊರಗಿನವರಿಗೆ ಕೊಟ್ಟ ಎಂದಾದರೆ ಅವನ ಯೌವನವೆಲ್ಲ ಜೈಲಿನಲ್ಲೇ ಕಳೆಯುತ್ತದೆ. ಬುದ್ಧಿಗೇಡಿತನದಿಂದ ಹಾಕಿದ ಎಂದಾದರೆ ಕೆಲವು ವರ್ಷ.

"ಅವನು ಜಗಳದಲ್ಲಿ ಗೆಲ್ಲೋಕೆ ಹಾಕಿದೆ ಅಂತಾನೆ. ಕೇಳಿದವರೆಲ್ಲ ನಗ್ತಾರೆ. ಅಂಥ ಜಗಳ ನಡೆದಿತ್ತು ಅನ್ನೋದಕ್ಕೆ ನಿಮ್ಮ ಹತ್ತಿರ ಪುರಾವೆ ಏನಾದ್ರೂ ಇದೆಯಾ?"

ಚಿಕ್ಕಮ್ಮ ನೆಲ ನೋಡಿದರು.

"ಇತ್ತು. ನಾನೇ ಅಳಿಸಿದೆ" ಎಂದರು ಚಿಕ್ಕಪ್ಪ. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿಯೇ ಇರಲಿಲ್ಲ. ಹುಡುಗನನ್ನು ಉಳಿಸಬಲ್ಲ ಒಂದೇ ಒಂದು ವಸ್ತುವನ್ನು ಅವರು ಒದ್ದೆ ಬೆರಳಿನಿಂದ ಒತ್ತಿ ಒತ್ತಿ ಕೊಂದಿದ್ದರು. ಅವರನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು, ಎರಡು ಬಾರಿಸಬೇಕು ಎಂದೂ ಅನ್ನಿಸಿತು.

ವಕೀಲೆ ನಿಟ್ಟುಸಿರಿಟ್ಟು, ಸಾಕ್ಷಿ ಹೇಳಿದರೆ ಪುರಾವೆ ಅಳಿಸಿದ್ದನ್ನೂ ಹೇಳಬೇಕಾಗುತ್ತದೆ, ಅದಕ್ಕೆ ನಿಮ್ಮ ಮೇಲೂ ಕೇಸು ಬೀಳಬಹುದು, ಯೋಚನೆ ಮಾಡಿ ಎಂದರು. ಚಿಕ್ಕಪ್ಪ ಯೋಚನೆ ಮಾಡಲು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ, "ಹೇಳ್ತಾರೆ. ನೀರಿಗೆ ತಳ್ಳಿದವರೇ ಎಳ್ಕೊಂಡು ಬರಬೇಕು" ಎಂದರು. ಕೊಳದ ಆ ತುದಿಗೂ ಕೇಳಿಸುವ ದನಿ ಅದು. ಆ ಮೇಲೆ ಯಾರೂ ಯೋಚಿಸಲಿಲ್ಲ.

ವಿಚಾರಣೆ ಸೇನೆಯ ಕಚೇರಿಯ ನಾಲ್ಕನೇ ಮಹಡಿಯಲ್ಲಿತ್ತು. ಅಲ್ಲಿಯ ಲಿಫ್ಟು ಪ್ರತಿ ಮಹಡಿಯಲ್ಲೂ ಬಿಕ್ಕಳಿಸಿ ನಿಲ್ಲುತ್ತಿತ್ತು. ಚಿಕ್ಕಪ್ಪ ಅದರ ಬಗ್ಗೆ ಚಕಾರವೆತ್ತಲಿಲ್ಲ. ಅವರು ಎಷ್ಟು ಹೆದರಿದ್ದಾರೆಂದು ನನಗೆ ಆಗ ಗೊತ್ತಾಯಿತು.

ಉದ್ದ ಮೇಜಿನ ಹಿಂದೆ ಮೂವರು ಅಧಿಕಾರಿಗಳು. ನಡುವೆ ಕೂತವರು ಹಿರಿಯರು, ತಲೆ ಪೂರ್ತಿ ನರೆತಿತ್ತು. ಒಂದು ಬದಿಯಲ್ಲಿ ಬೋಲ್ಟು. ಅವನನ್ನು ನಾವು ನೋಡಿದ್ದು ಅದೇ ಮೊದಲು. ಹೆಸರಿಗೆ ತಕ್ಕಂತೆ ಗಟ್ಟಿಮುಟ್ಟಾಗಿ ಇರುತ್ತಾನೆಂದುಕೊಂಡಿದ್ದೆ. ಅವನು ತೆಳ್ಳಗಿದ್ದ, ಕಿವಿಗಳು ದೊಡ್ಡವು, ಅಂಗಿಯ ಕುತ್ತಿಗೆಯಲ್ಲಿ ಇನ್ನೊಬ್ಬರು ತೂರುವಷ್ಟು ಜಾಗವಿತ್ತು. ಚಿಕ್ಕಪ್ಪ ಒಳಗೆ ಬಂದಾಗ ಅವನು ಅವರ ಕೈಗಳನ್ನೇ ನೋಡಿದ. ಅಂಟು ಮುಟ್ಟಿಸುವ ವಿಡಿಯೊಗಳಲ್ಲಿ ಅವನು ಕಂಡಿದ್ದು ಆ ಕೈಗಳನ್ನು ಮಾತ್ರ.

ಚಿಕ್ಕಪ್ಪ ಎಲ್ಲವನ್ನೂ ಹೇಳಿದರು. ಬೆಕ್ಕಿನ ಮಾತನ್ನೂ ಬಿಡಲಿಲ್ಲ. ಮಸುಕಾದ ಫೋಟೊದಿಂದ ಯಾರಿಗೂ ಏನೂ ಸಿಗುತ್ತಿರಲಿಲ್ಲ, ಸ್ಪಷ್ಟವಾಗಿ ತೆಗೆದು ಹಾಕು ಎಂದು ಕೇಳಿದ್ದು ತಾನು, ಆಮೇಲೆ ಅಳಿಸಿದ್ದೂ ತಾನು ಎಂದರು.

ಸರ್ಕಾರದ ಪರ ವಕೀಲರು ಎದ್ದರು. ಇಸ್ತ್ರಿಯ ಗೆರೆ ಮುರಿಯದ ಸಮವಸ್ತ್ರ, ಮಾತೂ ಹಾಗೆಯೇ. "ಒಬ್ಬ ತರಬೇತಾದ ಸೈನಿಕ, ಇಷ್ಟು ಕ್ಷುಲ್ಲಕ ಜಗಳಕ್ಕೆ ತನ್ನ ಬದುಕನ್ನೇ ಹಾಳು ಮಾಡ್ಕೊಳ್ತಾನೆ ಅಂತ ನಾವು ನಂಬಬೇಕಾ?" ಎಂದು ಕೇಳಿದರು.

"ಕ್ಷುಲ್ಲಕ ಅಲ್ಲ ಸರ್" ಎಂದರು ಚಿಕ್ಕಪ್ಪ. "ಅವನು ಹೇಳಿದ್ದು ತಪ್ಪು. ಅಷ್ಟು ಭಾರದ್ದು ಅಷ್ಟು ಬೇಗ ತಿರುಗಲ್ಲ."

ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡರು. ಹುಡುಗನ ವಕೀಲೆ ಹಣೆಗೆ ಕೈ ಇಟ್ಟರು.

"ಅದು ಇಲ್ಲಿ ಪ್ರಶ್ನೆಯಲ್ಲ."

"ಪ್ರಶ್ನೆ ಅದೇ ಸರ್. ತಿರುಗಿಸೋದು ದೊಡ್ಡದಲ್ಲ, ನಿಲ್ಲಿಸ್ಬೇಕಲ್ಲ. ನಾನು ಲಿಫ್ಟಿನವನು."

"ನೀವು ಲಿಫ್ಟಿನವರು. ಟ್ಯಾಂಕಿನ ವಿಷಯ ಸೇನೆಗೆ ಗೊತ್ತು. ಆರೋಪಿ ಹೇಳಿದ ವೇಗ ಸರಿಯಾಗೇ ಇದೆ."

"ಹೇಗೆ ಹೇಳ್ತೀರಿ?"

"ಸೇನೆಯ ಪುಸ್ತಕದಲ್ಲೇ ಇದೆ."

"ಎಷ್ಟಿದೆ?"

"ಅದು ಗೋಪ್ಯ. ಹೇಳೋ ಹಾಗಿಲ್ಲ."

"ಹಾಗಾದ್ರೆ ಬಾಯಿಮಾತಾಯ್ತಲ್ಲ ಸರ್" ಎಂದರು ಚಿಕ್ಕಪ್ಪ, ಮುಖದಲ್ಲಿ ಅದೇ ಮೀಸೆಯಡಿಯ ನಗು. ಎಂಥ ಸಾಧುವಿನ ತಾಳ್ಮೆಯನ್ನೂ ಕೆಡಿಸುವ ನಗು ಅದು, ನನಗೆ ಚೆನ್ನಾಗಿ ಗೊತ್ತು. "ಬಾಯಿಮಾತು ಯಾರು ಬೇಕಾದ್ರೂ ಆಡ್ಬಹುದು. ನಿಮಗೂ ಸರಿಯಾಗಿ ಗೊತ್ತಿಲ್ಲ ಅನ್ಸುತ್ತೆ, ಪಾಪ."

ವಕೀಲರ ಕಿವಿ ಕೆಂಪಾಯಿತು. "ನನಗೆ ಗೊತ್ತಿಲ್ವಾ? ನೋಡಿ ಇಲ್ಲಿ" ಎಂದು ಮೇಜಿನ ಮೇಲಿದ್ದ ಕಡತ ಬಿಚ್ಚಿ, ಸರ್ರನೆ ಒಂದು ಹಾಳೆ ಎಳೆದು, ಚಿಕ್ಕಪ್ಪನ ಕಡೆಗೆ ಎರಡು ಹೆಜ್ಜೆ ಬಂದೇಬಿಟ್ಟರು.

"ವಕೀಲರೇ" ಎಂದರು ನಡುವೆ ಕೂತಿದ್ದ ಹಿರಿಯ ಅಧಿಕಾರಿ. "ಆ ಹಾಳೆ ಕೆಳಗಿಡಿ."

ವಕೀಲರು ಅಲ್ಲೇ ನಿಂತರು. ಕೈಯಲ್ಲಿದ್ದದ್ದನ್ನು ನೋಡಿದರು. ಕೆಂಪು ಮುದ್ರೆ ನಮ್ಮ ಕಡೆಗೇ ತಿರುಗಿತ್ತು. ಹಾಳೆಯನ್ನು ಮಗುಚಿ ಎದೆಗೆ ಒತ್ತಿಕೊಂಡು ಹಿಂದೆ ಸರಿದು ಕೂತರು. ಹುಡುಗನ ವಕೀಲೆ ಎದ್ದು, ತನಗೆ ಕೇಳುವುದು ಇನ್ನೇನೂ ಇಲ್ಲ ಎಂದರು. ಹಿರಿಯ ಅಧಿಕಾರಿ ಚಿಕ್ಕಪ್ಪನನ್ನು ನೋಡಿ, ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, "ಮನೆಯಲ್ಲೂ ಹೀಗೇನಾ?" ಎಂದು ಕೇಳಿದರು.

"ಇದು ಕಡಿಮೆ" ಎಂದರು ಚಿಕ್ಕಮ್ಮ.

ಚಿಕ್ಕಪ್ಪ ಅದನ್ನು ಬೇಕೆಂದೇ ಮಾಡಿದರೋ, ಎಂದಿನ ಚಾಳಿಯೋ ಎಂದು ಆಮೇಲೆ ಎಷ್ಟೋ ಸಲ ಚರ್ಚೆಯಾಗಿದೆ. ಅಷ್ಟೊಂದು ಬುದ್ಧಿ ಅವರಿಗಿಲ್ಲ ಎಂಬುದು ಚಿಕ್ಕಮ್ಮನ ತೀರ್ಮಾನ. ಚಿಕ್ಕಪ್ಪನನ್ನೇ ಕೇಳಿದರೆ ಮಾತು ಬದಲಿಸುತ್ತಾರೆ.

ಮಧ್ಯಾಹ್ನ ತೀರ್ಪು ಬಂತು. ದೊಡ್ಡ ಆರೋಪ ಬಿದ್ದುಹೋಯಿತು. ಹೊರಗಿನವರಿಗೆ ಕೊಟ್ಟದ್ದಲ್ಲ, ಮೂರ್ಖತನ ಎಂದರು. ಮೂರು ವರ್ಷ ಜೈಲು, ಕೆಲಸ ಹೋಯಿತು, ಮತ್ತೆಂದೂ ಆ ಸಮವಸ್ತ್ರ ಹಾಕುವಂತಿಲ್ಲ. ಚಿಕ್ಕಪ್ಪನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಬದುಕಿಕೊಂಡೆವು ಎಂದು ನನಗೆ ಕುಣಿಯುವಷ್ಟು ಖುಷಿಯಾಯಿತು. ಹುಡುಗನ ಅಮ್ಮನನ್ನು ನೋಡಿದ ಮೇಲೆ ಆ ಖುಷಿ ಇಳಿಯಿತು. ಅವರು ಬಾಗಿಲ ಬಳಿಯ ಬೆಂಚಿನಲ್ಲಿ ಮಗನ ಸ್ವೆಟರನ್ನು ಮಡಿಚುತ್ತ, ಬಿಚ್ಚಿ ಮತ್ತೆ ಮಡಿಚುತ್ತ ಕೂತಿದ್ದರು. ಚಿಕ್ಕಪ್ಪ ಹತ್ತಿರ ಹೋಗಿ ತಾನು ಯಾರೆಂದು ಹೇಳಿದರು. ಅವರು ತಲೆಯೆತ್ತಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹುಡುಗನನ್ನು ಕರೆದುಕೊಂಡು ಹೋಗುವಾಗ ಜೊತೆಗಿದ್ದ ಇಬ್ಬರು ಸಿಪಾಯಿಗಳು ಕಾರಿಡಾರಿನಲ್ಲಿ ಒಂದು ಗಳಿಗೆ ನಿಲ್ಲಿಸಿದರು. ಬೋಲ್ಟು ಅಮ್ಮನ ಕೈ ಮುಟ್ಟಿದ, ಸ್ವೆಟರು ತೆಗೆದುಕೊಂಡ. ಆಮೇಲೆ ಚಿಕ್ಕಪ್ಪನ ಎದುರು ನಿಂತ. ಚಿಕ್ಕಪ್ಪ ಏನೋ ಹೇಳಬೇಕೆಂದು ಬೆಳಗ್ಗೆಯಿಂದ ತಯಾರು ಮಾಡಿಕೊಂಡಿದ್ದರು, ನನ್ನ ಮುಂದೆ ಎರಡು ಸಲ ಹೇಳಿಯೂ ನೋಡಿದ್ದರು. ಈಗ ಕ್ಷಮಿಸು ಎಂಬ ಪದದ ಮೊದಲ ಅಕ್ಷರವೂ ಹೊರಡಲಿಲ್ಲ.

ಹುಡುಗನೇ ಮಾತಾಡಿದ. "ಸರ್, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ಒಳಗೆ ವಿಚಾರಣೆಯಲ್ಲೂ ನಾನು ಹೇಳಿದ್ದು ತಪ್ಪು ಅಂದ್ರಲ್ಲ. ಅವತ್ತು ನಾನು ಎರಡನೇ ಸಲ ಹಾಕಿದ್ದು ನೋಡಿದ್ರಲ್ಲ, ಆಗಾದ್ರೂ ಒಪ್ಪಿದ್ರಾ? ಗುಂಪಲ್ಲಿ ನೀವೇನು ಬರೀತೀರಿ ಅಂತ ಕಾಯ್ತಾ ಇದ್ದೆ. ಆಮೇಲೆ ನೋಡಿದ್ರೆ ಎಲ್ಲ ಹೋಗಿತ್ತು."

ಮೂರು ವರ್ಷಕ್ಕೆ ಒಳಗೆ ಹೋಗುತ್ತಿರುವವನು ಕೇಳಿದ್ದು ಅದನ್ನು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಇಂಥ ಕತ್ತೆಗಳು ಇಡೀ ಜಗತ್ತಿನಲ್ಲಿ ಒಬ್ಬರಿಗೊಬ್ಬರು ಹೇಗೆ ಸಿಕ್ಕಿದರೋ ಎಂದು.

"ಒಪ್ಪಿದೆ" ಎಂದರು ಚಿಕ್ಕಪ್ಪ. "ನೋಡಿದ ತಕ್ಷಣ ಒಪ್ಪಿದೆ. ನೀನು ಹೇಳಿದ್ದೇ ಸರಿ. ತಪ್ಪು ನಂದು."

ಹುಡುಗನ ಮುಖ ಅರಳಿತು. ಪರೀಕ್ಷೆಯಲ್ಲಿ ಪಾಸಾದವನಂತೆ ಸಿಪಾಯಿಗಳ ಕಡೆ ನೋಡಿದ, ಅಮ್ಮನ ಕಡೆ ನೋಡಿದ. "ನಾನು ಹೇಳಿರ್ಲಿಲ್ವಾ" ಎಂದ. ಸಿಪಾಯಿಗಳು ಅವನ ತೋಳು ಹಿಡಿದರು. ತಿರುವಿನವರೆಗೂ ಅವನು ನಗುತ್ತಲೇ ಹೋದ.

ಮನೆಗೆ ಹೋಗುವ ಬಸ್ಸಿನಲ್ಲಿ ಚಿಕ್ಕಮ್ಮ ಮುಂದಿನ ಸೀಟಿನಲ್ಲಿ ನಿದ್ದೆ ಹೋದರು. ಚಿಕ್ಕಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಏನಾದರೂ ಮಾತಾಡಿಸೋಣವೆಂದು, "ಹಾಗಾದ್ರೆ ಅದು ನಿಜಕ್ಕೂ ಅಷ್ಟು ಬೇಗ ತಿರುಗುತ್ತಾ ಚಿಕ್ಕಪ್ಪ?" ಎಂದು ಕೇಳಿದೆ.

"ಗೊತ್ತಿಲ್ಲ ಕಣೆ" ಎಂದರು. "ಆ ಪುಟ ನಾನು ಓದಲೇ ಇಲ್ಲ."